ಬಿಸಿಲಿದೆ, ಪ್ಯಾನೆಲ್ ಇದೆ, ಕರೆಂಟ್ ಮಾತ್ರ ಇಲ್ಲ

ಕಳೆದ ಏಪ್ರಿಲ್‌ನಲ್ಲಿ ನಮ್ಮ ಗುಂಪಿನ ಗೆಳೆಯನೊಬ್ಬನಿಗೆ ತಿಪಟೂರು ಕಡೆಯಿಂದ ಅವನ ದೊಡ್ಡಪ್ಪನ ಫೋನ್ ಬಂತು. "ಲೋ ಮಗ, ನೀನು ಪೇಪರ್‌ನೋನು ಅಲ್ವಾ, ಒಂದ್ ವಿಷ್ಯ ಹೇಳು. ಸೂರ್ಯ ನೆತ್ತಿ ಮ್ಯಾಲವ್ನೆ. ಮಾಳಿಗೆ ಮ್ಯಾಲೆ ಎರಡು ಲಕ್ಷದ ಸೋಲಾರ್ ಕುಂತೈತೆ. ಮನೇಲಿ ಫ್ಯಾನ್ ಯಾಕ್ ತಿರುಗ್ತಿಲ್ಲ?"

ಪೇಪರ್‌ನೋನಿಗೆ ಉತ್ತರ ಗೊತ್ತಿರಲಿಲ್ಲ. ಅವನು ನಮ್ಮನ್ನು ಕೇಳಿದ. ನಮಗೂ ಗೊತ್ತಿರಲಿಲ್ಲ. ನಾವೆಲ್ಲ ಪತ್ರಿಕೋದ್ಯಮ ಓದಿದವರು, ಒಂದಲ್ಲ ಒಂದು ತಾಲ್ಲೂಕಿನಿಂದ ವರದಿ ಮಾಡಿದವರು, ಮನೆ ಸೋಲಾರ್ ಬಗ್ಗೆ ಕನಿಷ್ಠ ಒಂದೊಂದಾದರೂ ಸುದ್ದಿ ಬರೆದವರು. ಆದರೂ ಗೊತ್ತಿರಲಿಲ್ಲ. ಮುಂದಿನ ಭಾನುವಾರ ನಾಲ್ಕು ಜನ ಬೈಕ್ ಹತ್ತಿ ಆ ತೋಟದ ಮನೆಗೆ ಹೋದೆವು.

ಪ್ಯಾನೆಲ್‌ಗಳು ಚೆನ್ನಾಗಿಯೇ ಇದ್ದವು. ಗೋಡೆಯ ಮೇಲಿನ ಇನ್ವರ್ಟರ್ ಕೆಟ್ಟಿರಲಿಲ್ಲ. ವೈರಿಂಗ್ ಸರಿಯಿತ್ತು. ಊರಿನ ಎಲೆಕ್ಟ್ರಿಷಿಯನ್ ಬಂದು ಮೀಟರ್ ನೋಡಿ ಒಂದೇ ಮಾತು ಹೇಳಿದರು: "ಲೈನ್‌ನಲ್ಲಿ ಕರೆಂಟ್ ಇಲ್ವಲ್ಲ ಸಾರ್. ಇದು ಆನ್‌ಗ್ರಿಡ್ಡು. ಲೈನ್ ಹೋದ್ರೆ ಇದೂ ಮಲಗ್ತದೆ."

ದೊಡ್ಡಪ್ಪ ನಮ್ಮ ಮುಖ ನೋಡಿದರು. "ಲೈನ್ ಇದ್ದಾಗ ನನಗೆ ಸೋಲಾರ್ ಯಾಕ್ ಬೇಕಪ್ಪಾ? ಲೈನ್ ಹೋದಾಗ ಬೇಕು ಅಂತ ತಾನೆ ಹಾಕ್ಸಿದ್ದು!"

ಈ ಲೇಖನ ಹುಟ್ಟಿದ್ದು ಆ ಮಾತಿನಿಂದ.

ಮೊದಲು ಒಂದು ಪದದ ಜಗಳ ಮುಗಿಸಿಬಿಡೋಣ. ನಮ್ಮ ಊರುಗಳಲ್ಲಿ 'ಇನ್ವರ್ಟರ್' ಅಂದರೆ ಏನು? ಟಿವಿ ಪಕ್ಕದಲ್ಲೋ ಮೆಟ್ಟಿಲ ಕೆಳಗೋ ದಪ್ಪ ಬ್ಯಾಟರಿ ಇಟ್ಟುಕೊಂಡು ಕೂತಿರುವ ಡಬ್ಬ. ಕರೆಂಟ್ ಹೋದ ತಕ್ಷಣ 'ಟಕ್' ಅಂತ ಲೈಟ್ ಹೊತ್ತಿಸುವ ಡಬ್ಬ. ಇಪ್ಪತ್ತು ವರ್ಷದಿಂದ ಹಳ್ಳಿಯ ಕಿವಿಗೆ ಆ ಪದದ ಅರ್ಥ ಅದೊಂದೇ. ಹಾಗಾಗಿ ಒಬ್ಬ ಏಜೆಂಟ್ ಮನೆ ಬಾಗಿಲಿಗೆ ಬಂದು "ಸೋಲಾರ್ ಇನ್ವರ್ಟರ್ ಕೊಡ್ತೀವಿ ಯಜಮಾನ್ರೇ" ಅಂದರೆ ಕೇಳುವವರ ತಲೆಯಲ್ಲಿ ಮೂಡುವ ಚಿತ್ರ ಯಾವುದು? ಬಿಸಿಲಿನಿಂದ ಚಾರ್ಜ್ ಆಗಿ, ಕರೆಂಟ್ ಹೋದಾಗ ಮನೆ ಬೆಳಗುವ ಡಬ್ಬ.

ಆದರೆ ಸಹಾಯಧನದ ಯೋಜನೆಯಲ್ಲಿ ಹೆಚ್ಚಾಗಿ ಮಾರಾಟವಾಗುವ ಡಬ್ಬ ಅದಲ್ಲ. ಪ್ಯಾನೆಲ್‌ನಿಂದ ಬರುವ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಆಗಿಸಿ, ಹೆಚ್ಚಾದದ್ದನ್ನು ಮೀಟರ್ ಮೂಲಕ ಲೈನಿಗೆ ಕಳಿಸುವುದಷ್ಟೇ ಆನ್‌ಗ್ರಿಡ್ ಇನ್ವರ್ಟರ್‌ನ ಕೆಲಸ. ಅದಕ್ಕೆ ಬ್ಯಾಟರಿ ಇಲ್ಲ. ಲೈನಿನಲ್ಲಿ ಕರೆಂಟ್ ಇದ್ದರೆ ಮಾತ್ರ ಅದು ದುಡಿಯುತ್ತದೆ. ಲೈನ್ ಸತ್ತ ಕ್ಷಣ ಅದೂ ನಿಲ್ಲುತ್ತದೆ, ಮಟಮಟ ಮಧ್ಯಾಹ್ನವೇ ಆಗಿರಲಿ.

ಇದು ದೋಷವಲ್ಲ, ಬೇಕೆಂದೇ ಇಟ್ಟ ರಕ್ಷಣೆ. ಲೈನ್‌ಮನ್ ಎಲ್‌ಸಿ ತೆಗೆದುಕೊಂಡು ಕಂಬ ಹತ್ತಿದ್ದಾನೆ ಅಂದುಕೊಳ್ಳಿ. ಕೆಳಗೆ ನಿಮ್ಮ ಮನೆಯ ಸೋಲಾರ್ ಕರೆಂಟ್ ತಯಾರಿಸುತ್ತಲೇ ಇದ್ದು, ಅದು ಹಿಂದಕ್ಕೆ ಹರಿದು ಟಿಸಿ ಮುಟ್ಟಿದರೆ? ಮೇಲಿನ ತಂತಿಗೆ ಅದು ಸಾವಿರಾರು ವೋಲ್ಟ್ ಆಗಿ ಹೋಗುತ್ತದೆ. ಸತ್ತ ಲೈನ್ ಅಂತ ನಂಬಿ ಕೈಯಿಟ್ಟವನ ಗತಿ ಏನು? ನಮ್ಮ ರಾಜ್ಯದಲ್ಲಿ ಲೈನ್‌ಮನ್‌ಗಳ ಸಾವು ಒಳಪುಟದ ನಾಲ್ಕು ಸಾಲಿನ ಸುದ್ದಿಯಾಗಿ ಮುಗಿಯುವುದನ್ನು ನಾವು ನೋಡಿದ್ದೇವೆ, ಬರೆದೂ ಇದ್ದೇವೆ. ಆದ್ದರಿಂದ ಆ ನಿಯಮದ ಬಗ್ಗೆ ನಮ್ಮ ತಕರಾರಿಲ್ಲ. ನಮ್ಮ ತಕರಾರು ಮೌನದ ಬಗ್ಗೆ. "ಕರೆಂಟ್ ಹೋದಾಗ ಇದು ಕೆಲಸ ಮಾಡಲ್ಲ" ಎಂಬ ಐದು ಪದಗಳನ್ನು ಮಾರುವವನು ಹೇಳಲಿಲ್ಲ. ಬ್ಯಾಂಕಿನವರು ಹೇಳಲಿಲ್ಲ. ವಿದ್ಯುತ್ ಕಂಪನಿ ಹೇಳಲಿಲ್ಲ. ಪತ್ರಿಕೆಯವರಾದ ನಾವೂ ಹೇಳಲಿಲ್ಲ.

ಆ ತೋಟದ ಮನೆಯ ಲೆಕ್ಕವನ್ನು ಒಮ್ಮೆ ನೋಡಿ.

ದೊಡ್ಡಪ್ಪನ ಮನೆಯಲ್ಲಿ ತಿಂಗಳಿಗೆ ಉರಿಯುವುದು ಎಪ್ಪತ್ತು ಎಂಬತ್ತು ಯೂನಿಟ್. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಅವರ ಬಿಲ್ ಸೊನ್ನೆ. ಸೊನ್ನೆ ಬಿಲ್ ಕಟ್ಟುವವರಿಗೆ ಬಿಲ್ ಉಳಿಸುವ ಯಂತ್ರ ಮಾರುವುದೆಂದರೆ ಬೋಳುತಲೆಯವನಿಗೆ ಬಾಚಣಿಗೆ ಮಾರಿದಂತೆ. ಆದರೂ ಮಾರಿದರು. ಏಕೆಂದರೆ ದೊಡ್ಡಪ್ಪನಿಗೆ ಬೇಕಾಗಿದ್ದದ್ದು ಬಿಲ್ ಉಳಿತಾಯವಲ್ಲ, ಬೆಳಕು. ಏಜೆಂಟ್‌ಗೆ ಅದು ಗೊತ್ತಿತ್ತು. ಬೆಳಕಿನ ಆಸೆ ತೋರಿಸಿ ಬಿಲ್ಲಿನ ಯಂತ್ರ ಕೊಟ್ಟು ಹೋದ.

ಇನ್ನೊಂದು ಸಂಗತಿ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನ್ ಬೇರೆ, ಪಂಪ್‌ಸೆಟ್ ಲೈನ್ ಬೇರೆ ಮಾಡಿದರು. ಊರೊಳಗಿನ ಮನೆಗಳಿಗೆ ಅನುಕೂಲವಾಯಿತು. ತೋಟದಲ್ಲಿ ಮನೆ ಕಟ್ಟಿಕೊಂಡವರಲ್ಲಿ ಬಹಳ ಮಂದಿ ಪಂಪ್‌ಸೆಟ್ ಲೈನಿನಲ್ಲೇ ಉಳಿದರು. ಪಂಪ್‌ಸೆಟ್ಟಿಗೆ ಸರ್ಕಾರದ ಮಾತು ದಿನಕ್ಕೆ 7 ಗಂಟೆ ತ್ರೀ ಫೇಸ್. ದೊಡ್ಡಪ್ಪನ ಲೈನಿನಲ್ಲಿ ಅದನ್ನು ಹಗಲು ನಾಲ್ಕು ಗಂಟೆ, ರಾತ್ರಿ ಮೂರು ಗಂಟೆ ಅಂತ ಪಾಳಿ ಮಾಡಿ ಕೊಡುತ್ತಾರೆ. ಸಂಜೆಯಾದ ಮೇಲೆ ಮನೆದೀಪಕ್ಕೆ ಅಂತ ಸಿಂಗಲ್ ಫೇಸ್ ಬಿಡುತ್ತಾರೆ. ಅಂದರೆ ಏನಾಯಿತು? ಸೂರ್ಯ ಇರುವ ಹೊತ್ತಿನಲ್ಲಿ ಲೈನ್ ಇರುವುದು ನಾಲ್ಕೇ ಗಂಟೆ. ಲೈನ್ ಇರುವ ಉಳಿದ ಹೊತ್ತಿನಲ್ಲಿ ಸೂರ್ಯ ಇಲ್ಲ. 3 ಕಿಲೋವ್ಯಾಟ್ ವ್ಯವಸ್ಥೆ ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ 12 ಯೂನಿಟ್ ಕೊಡಬೇಕು, ಕಿಲೋವ್ಯಾಟ್‌ಗೆ ನಾಲ್ಕರಂತೆ. ಇಲ್ಲಿ ಅದರ ಅರ್ಧ ಬಂದರೆ ಪುಣ್ಯ. ಆ ನಾಲ್ಕು ಗಂಟೆಯಲ್ಲೂ ಅಕ್ಕಪಕ್ಕದ ಪಂಪ್‌ಗಳೆಲ್ಲ ಒಟ್ಟಿಗೆ ಎದ್ದು ವೋಲ್ಟೇಜ್ ನೆಲ ಕಚ್ಚಿದರೆ ಇನ್ವರ್ಟರ್ ಮತ್ತೆ ಮಲಗುತ್ತದೆ. 230 ವೋಲ್ಟ್‌ನ ಆಸುಪಾಸಿನಲ್ಲಿ ಲೈನ್ ಇರಬೇಕು. ತೀರ ಇಳಿದರೂ, ತೀರ ಏರಿದರೂ ಅದು ಸುಮ್ಮನಾಗುತ್ತದೆ.

ಸಹಾಯಧನ 78,000 ರೂಪಾಯಿ ದೊಡ್ಡಪ್ಪನ ಖಾತೆಗೆ ಬಂದಿದೆ, ಇಲ್ಲ ಅನ್ನುವುದಿಲ್ಲ. ಉಳಿದ ಒಂದೂಕಾಲು ಲಕ್ಷಕ್ಕೂ ಮಿಕ್ಕಿದ ಹಣ ಬ್ಯಾಂಕ್ ಸಾಲ. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಕಂತು ಕಟ್ಟುತ್ತಿದ್ದಾರೆ. ಲೈನಿಗೆ ಹೋದ ಯೂನಿಟ್‌ಗಳಿಗೆ ಒಂದಿಷ್ಟು ಜಮೆ ಆಗಬಹುದು. ಆದರೆ ಕಂತು ಮಾತ್ರ ಕಾಯುವುದಿಲ್ಲ. ದೊಡ್ಡಮ್ಮ ಈಗಲೂ ಮಧ್ಯಾಹ್ನ ಬೀಸಣಿಗೆ ಹಿಡಿದು ಕೂರುತ್ತಾರೆ.

ಯಾರದ್ದು ತಪ್ಪು?

ನಾವು ಮೊದಲು ನಮ್ಮ ಮನೆಯಂಗಳ ಗುಡಿಸುತ್ತೇವೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ಸಂಪುಟ ಪಿಎಂ ಸೂರ್ಯಘರ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಂದು ಕೋಟಿ ಮನೆ, 75,021 ಕೋಟಿ ರೂಪಾಯಿ. ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ. ನಾವು ಬರೆದದ್ದು ಇಷ್ಟೇ. ಶೀರ್ಷಿಕೆಯನ್ನು ಯಾರು ಬೇಕಾದರೂ ಊಹಿಸಬಹುದು: 'ಕರೆಂಟ್ ಬಿಲ್‌ಗೆ ಹೇಳಿ ಗುಡ್‌ಬೈ'. ಯೋಜನೆಯ ಹೆಸರಿನಲ್ಲೇ 'ಮುಫ್ತ್ ಬಿಜಲಿ' ಅಂತ ಇದೆಯಲ್ಲ, ಇನ್ನೇನು ಬೇಕು? ಕರೆಂಟ್ ಹೋದಾಗ ಏನಾಗುತ್ತದೆ ಅಂತ ನಾವು ಯಾರೂ ಕೇಳಲಿಲ್ಲ. ಕೇಳದಿರಲು ಒಂದು ಕಾರಣವೂ ಇತ್ತು. ತಾಲ್ಲೂಕು ವರದಿಗಾರನಿಗೆ ಸುದ್ದಿಯ ಜೊತೆ ಜಾಹೀರಾತಿನ ಟಾರ್ಗೆಟ್ ಇರುತ್ತದೆ. ದೀಪಾವಳಿ ಪುರವಣಿಗೆ ಅರ್ಧ ಪುಟ ಜಾಹೀರಾತು ಕೊಟ್ಟ ಸೋಲಾರ್ ಅಂಗಡಿಯವರನ್ನು ಕೆಣಕುವ ಧೈರ್ಯ ಯಾರಿಗಿದೆ? ಪ್ರೆಸ್‌ನೋಟ್ ಬಂತು, ಹಾಕಿದೆವು. ದೊಡ್ಡಪ್ಪ ಆ ಪೇಪರ್ ತುಣುಕನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ನಮಗೆ ತೋರಿಸಿದರು. ನಾವು ತಲೆ ತಗ್ಗಿಸಿದೆವು.

ಎರಡನೆಯದು, ವಿದ್ಯುತ್ ವಿತರಣಾ ಕಂಪನಿಗಳು. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್, ಯಾವುದೇ ಇರಲಿ. ಒಂದು ಆರ್‌ಆರ್ ನಂಬರ್ ಯಾವ ಟಿಸಿಯದು, ಆ ಟಿಸಿ ಯಾವ ಫೀಡರಿನದು, ಆ ಫೀಡರಿಗೆ ಹಗಲು ಎಷ್ಟು ಗಂಟೆ ಕರೆಂಟ್ ಕೊಡುತ್ತಾರೆ ಎಂಬುದು ಅವರ ಬಳಿಯೇ ಇರುವ ಮಾಹಿತಿ. 2024ರಲ್ಲಿ ಕೇಂದ್ರ ನಿಯಮ ಬದಲಾಗಿ, 10 ಕಿಲೋವ್ಯಾಟ್‌ವರೆಗಿನ ಅರ್ಜಿಗಳಿಗೆ ತಾಂತ್ರಿಕ ಪರಿಶೀಲನೆ ಇಲ್ಲದೆಯೇ ಒಪ್ಪಿಗೆ ಸಿಕ್ಕಿದಂತೆ ಎಂದಾಯಿತು. ಆಫೀಸಿಗೆ ಅಲೆಯುವುದು ತಪ್ಪಲಿ ಅಂತ ಮಾಡಿದ ಒಳ್ಳೆಯ ನಿಯಮ ಅದು. ಆದರೆ ಅಲೆದಾಟದ ಜೊತೆಗೆ "ಯಜಮಾನ್ರೇ, ನಿಮ್ಮದು ಪಂಪ್‌ಸೆಟ್ ಲೈನು, ಇಲ್ಲಿ ಇದು ಸರಿಹೋಗಲ್ಲ" ಅಂತ ಹೇಳಬಹುದಾಗಿದ್ದ ಒಬ್ಬ ಜೆಇ ಕೂಡ ದಾರಿಯಿಂದ ಸರಿದುಹೋದರು. ಒಪ್ಪಿಗೆ ಪತ್ರದ ಜೊತೆ ಒಂದು ಸಾಲು ಮುದ್ರಿಸುವುದಕ್ಕೆ ಎಷ್ಟು ಖರ್ಚಾಗುತ್ತದೆ? 'ನಿಮ್ಮ ಫೀಡರಿನಲ್ಲಿ ಹಗಲು ಇಷ್ಟು ಗಂಟೆ ಮಾತ್ರ ವಿದ್ಯುತ್ ಇರುತ್ತದೆ. ವಿದ್ಯುತ್ ಇಲ್ಲದಾಗ ಆನ್‌ಗ್ರಿಡ್ ಸೋಲಾರ್ ಕೆಲಸ ಮಾಡುವುದಿಲ್ಲ.' ಇಷ್ಟೇ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ.

ಮೂರನೆಯದು, ಮಾರುವವರು. ಸಹಾಯಧನ ಬೇಕಾದರೆ ನೋಂದಾಯಿತ ಕಂಪನಿಯಿಂದಲೇ ಹಾಕಿಸಬೇಕು. ಕಾಗದದ ಮೇಲೆ ಎಲ್ಲವೂ ಸರಿ. ನಾವು ಹೋಗಿ ನೋಡಿದ ಕಡೆಗಳಲ್ಲಿ ಕಂಡದ್ದೇ ಬೇರೆ. ನೋಂದಣಿ ಬೆಂಗಳೂರಿನ ಕಂಪನಿಯದ್ದು. ಬಾಗಿಲಿಗೆ ಬರುವವನು ಕಮಿಷನ್ ಏಜೆಂಟ್, ನಿನ್ನೆ ಇನ್ಶೂರೆನ್ಸ್ ಮಾರುತ್ತಿದ್ದವನು, ನಾಳೆ ಸೈಟ್ ಮಾರುವವನು. ಮಾಳಿಗೆ ಹತ್ತುವವರು ದಿನಗೂಲಿಯ ಹುಡುಗರು, ಅವರಿಗೆ ಇಳಿದ ಮೇಲೆ ಈ ಮನೆಯ ದಾರಿ ಕೂಡ ನೆನಪಿರುವುದಿಲ್ಲ. ಆರು ತಿಂಗಳ ನಂತರ ಇನ್ವರ್ಟರ್‌ನಲ್ಲಿ ಕೆಂಪು ದೀಪ ಹೊತ್ತಿದಾಗ ಮೂವರೂ ಫೋನ್ ಎತ್ತುವುದಿಲ್ಲ.

"25 ವರ್ಷ ವಾರಂಟಿ" ಎಂಬುದು ಇವರ ಬ್ರಹ್ಮಾಸ್ತ್ರ. ಆ 25 ವರ್ಷ ಪ್ಯಾನೆಲ್‌ನದ್ದು. ಅದೂ ವರ್ಷ ಕಳೆದಂತೆ ಉತ್ಪಾದನೆ ಇಂತಿಷ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬ ಭರವಸೆ. ಒಡೆದರೆ, ನೀರು ಹೊಕ್ಕರೆ ಅನ್ವಯಿಸುವ ವಾರಂಟಿ ಸಾಮಾನ್ಯವಾಗಿ ಹತ್ತು ಹನ್ನೆರಡು ವರ್ಷ. ಇನ್ವರ್ಟರ್‌ಗೆ ಐದೋ ಎಂಟೋ ಹತ್ತೋ ವರ್ಷ, ಕಂಪನಿ ಮೇಲೆ ಹೋಗುತ್ತದೆ. ಇಡೀ ವ್ಯವಸ್ಥೆಯಲ್ಲಿ ಮೊದಲು ಕೆಡುವ ಸಾಧ್ಯತೆ ಇರುವುದೇ ಇನ್ವರ್ಟರ್. ಪ್ಯಾನೆಲ್ ಸುಮ್ಮನೆ ಬಿಸಿಲಿಗೆ ಮಲಗಿರುವ ಗಾಜು. ಇನ್ವರ್ಟರ್ ಹಗಲಿಡೀ ಬಿಸಿಯಾಗಿ ದುಡಿಯುವ ಎಲೆಕ್ಟ್ರಾನಿಕ್ಸ್. ಪ್ಯಾನೆಲ್ ಬದುಕಿರುವಷ್ಟು ಕಾಲದಲ್ಲಿ ಕನಿಷ್ಠ ಒಮ್ಮೆಯಾದರೂ ಇನ್ವರ್ಟರ್ ಬದಲಿಸಬೇಕಾಗುತ್ತದೆ ಅಂತಲೇ ಲೆಕ್ಕ ಹಾಕಬೇಕು. ಆ ಹತ್ತಾರು ಸಾವಿರದ ಖರ್ಚು ಏಜೆಂಟ್ ಕೊಡುವ 'ನಾಲ್ಕೇ ವರ್ಷದಲ್ಲಿ ಅಸಲು ವಾಪಸ್' ಎಂಬ ಚೀಟಿಯಲ್ಲಿ ಇರುವುದಿಲ್ಲ.

"ಇದೆಲ್ಲ ಹಳ್ಳಿಯವರಿಗೆ ಅರ್ಥ ಆಗಲ್ಲ ಬಿಡಿ, ಅದಕ್ಕೇ ಹೇಳಲ್ಲ" ಅಂತ ಒಬ್ಬ ಮಾರಾಟಗಾರರು ನಮಗೆ ನೇರವಾಗಿಯೇ ಹೇಳಿದರು. ಈ ಮಾತಿಗೆ ಉತ್ತರ ಕೊಡದೆ ಬಿಡುವುದಿಲ್ಲ.

ಸ್ವಾಮಿ, ಈ ಹಳ್ಳಿಯವರು ಬೋರ್‌ವೆಲ್‌ಗೆ ಮೋಟಾರ್ ತರುವುದನ್ನು ನೋಡಿದ್ದೀರಾ? ಎಷ್ಟು ಎಚ್‌ಪಿ, ಎಷ್ಟು ಸ್ಟೇಜ್, ಎಷ್ಟು ಅಡಿಗೆ ಎಷ್ಟು ಇಂಚು ನೀರು ಎತ್ತುತ್ತದೆ, ಎಲ್ಲ ಕೇಳುತ್ತಾರೆ. ಕೊನೆಗೆ ಕೇಳುವ ಪ್ರಶ್ನೆ ಇನ್ನೂ ದೊಡ್ಡದು: "ಸುಟ್ಟೋದ್ರೆ ನಮ್ಮೂರಲ್ಲಿ ಯಾರು ವೈಂಡಿಂಗ್ ಮಾಡ್ತಾರೆ?" ತಾಲ್ಲೂಕಿನ ರಿವೈಂಡಿಂಗ್ ಅಂಗಡಿಯವನು ಬಿಚ್ಚಲಾರದ ಮೋಟಾರನ್ನು, ಅದು ಎಷ್ಟೇ ದೊಡ್ಡ ಕಂಪನಿಯದಾಗಿರಲಿ, ರೈತ ಕೊಳ್ಳುವುದಿಲ್ಲ. ಹಸು ಕೊಳ್ಳುವಾಗ ಹಲ್ಲು ನೋಡುತ್ತಾನೆ, ಕೆಚ್ಚಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ, ಎರಡು ಹೊತ್ತು ತಾನೇ ಕರೆದು ನೋಡುತ್ತಾನೆ. ಇಂಥವರಿಗೆ ಆನ್‌ಗ್ರಿಡ್, ಹೈಬ್ರಿಡ್ ಅರ್ಥವಾಗುವುದಿಲ್ಲವೇ? ಅರ್ಥವಾಗುತ್ತದೆ. ಅರ್ಥವಾದರೆ ಕೊಳ್ಳುವುದಿಲ್ಲ ಎಂಬ ಭಯ ನಿಮಗೆ. ಅಷ್ಟೇ.

ಇನ್ನೊಂದು ಮಾತು. ಸೋಲಾರ್ ವಿಷಯದಲ್ಲಿ ಕರ್ನಾಟಕಕ್ಕೆ ಈ ಪಾಠ ಹೊಸದೂ ಅಲ್ಲ. 1995ರಲ್ಲಿ ಹರೀಶ್ ಹಂದೆ ಸೆಲ್ಕೋ ಶುರು ಮಾಡಿದಾಗ ಹಳ್ಳಿಯ ಬಡವರು ಸೋಲಾರ್ ಕೊಳ್ಳಲಾರರು, ನೋಡಿಕೊಳ್ಳಲಾರರು ಎಂಬ ಮಾತೇ ಎಲ್ಲೆಡೆ ಇತ್ತು. ಅವರು ಮಾಡಿದ್ದೇನು? ಗ್ರಾಮೀಣ ಬ್ಯಾಂಕ್‌ಗಳನ್ನು ಸಾಲಕ್ಕೆ ಒಪ್ಪಿಸಿದರು, ಮನೆಯವರಿಗೆ ಎಷ್ಟು ದೀಪ ಎಲ್ಲಿ ಬೇಕು ಅಂತ ಕೇಳಿ ಅದಕ್ಕೆ ತಕ್ಕಂತೆ ಕೂಡಿಸಿದರು, ಊರಿನ ಹತ್ತಿರವೇ ರಿಪೇರಿಯವರನ್ನು ಇಟ್ಟರು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಯಿಂದ ಬರೆದೆವು. ಪ್ರಶಸ್ತಿಯ ಸುದ್ದಿ ನೆನಪಿದೆ, ಪಾಠ ಮರೆತಿದೆ. ಎರಡು ದೀಪದ ಪುಟ್ಟ ಪ್ಯಾನೆಲ್‌ಗೆ ಮನೆ ಬಾಗಿಲಿಗೆ ಬರುವ ಮೆಕ್ಯಾನಿಕ್ ಇದ್ದ ನಾಡಿನಲ್ಲಿ, ಎರಡು ಲಕ್ಷದ ವ್ಯವಸ್ಥೆಗೆ ಫೋನ್ ಎತ್ತುವವರಿಲ್ಲ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವುದಕ್ಕೂ ಆಳುಗಳಿದ್ದಾರೆ, ಕೆಟ್ಟರೆ ಎಂಜಿನಿಯರ್‌ಗಳಿದ್ದಾರೆ. ನಮ್ಮ ಮಾಳಿಗೆಯ 3 ಕಿಲೋವ್ಯಾಟ್‌ಗೆ ದಿಕ್ಕು ಯಾರು?

ಹಾಗಾದರೆ ಸೋಲಾರ್ ಬೇಡವೇ? ಬೇಡ ಅಂತ ನಾವು ಹೇಳಿದರೆ ಅದೂ ಸುಳ್ಳೇ. ಪಟ್ಟಣದಲ್ಲಿ ತಿಂಗಳಿಗೆ 300-400 ಯೂನಿಟ್ ಉರಿಸುವ ಮನೆ, ಗೃಹಜ್ಯೋತಿಯ 200 ಯೂನಿಟ್ ಮಿತಿ ದಾಟಿ ಪೂರ್ತಿ ಬಿಲ್ ಕಟ್ಟುವ ಮನೆ, ಹಗಲು ಕರೆಂಟ್ ಹೋಗದ ಊರು, ನೆರಳಿಲ್ಲದ ಮಾಳಿಗೆ ಇದ್ದರೆ ಆನ್‌ಗ್ರಿಡ್ ಒಳ್ಳೆಯ ಬಾಬತ್ತು. ಕಣ್ಣು ಮುಚ್ಚಿ ಅಲ್ಲ, ಲೆಕ್ಕ ಹಾಕಿ ಹಾಕಿಸಿ. ಯೂನಿಟ್ ಎಷ್ಟೇ ಇಳಿದರೂ ನಿಗದಿತ ಶುಲ್ಕ ಇರುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಬಿಲ್ ಕೂಡ ಬರುತ್ತದೆ, ಕರೆಂಟ್ ಕೂಡ ಹೋಗುತ್ತದೆ ಅನ್ನುವವರಿಗೆ ಹೈಬ್ರಿಡ್ ಇನ್ವರ್ಟರ್ ಇದೆ. ಅದು ಲೈನಿಗೂ ಸೇರುತ್ತದೆ, ಬ್ಯಾಟರಿಗೂ ಸೇರುತ್ತದೆ. ಲೈನ್ ಸತ್ತಾಗ ಹೊರಗಿನ ಸಂಬಂಧ ಕಡಿದುಕೊಂಡು ಮನೆಗೆ ಮಾತ್ರ ಕೊಡುತ್ತದೆ, ಹಾಗಾಗಿ ಲೈನ್‌ಮನ್‌ಗೂ ಅಪಾಯವಿಲ್ಲ. ಆದರೆ ಬೆಲೆ ಹೆಚ್ಚು, ಬ್ಯಾಟರಿಗೆ ಈ ಸಹಾಯಧನ ಇಲ್ಲ. "ಹೈಬ್ರಿಡ್ ಹಾಕಿದ್ದೀವಿ, ಬ್ಯಾಟರಿ ಆಮೇಲೆ ಹಾಕ್ಸಿಕೊಳ್ಳಿ" ಅಂತ ಹೇಳಿ ಹೋದರೆ, ಆ ಆಮೇಲೆ ಬರುವವರೆಗೆ ಸಾಮಾನ್ಯವಾಗಿ ಅದೂ ಆನ್‌ಗ್ರಿಡ್‌ನಂತೆಯೇ ಮಲಗುತ್ತದೆ ಎಂದು ತಿಳಿದಿರಿ.

ದೊಡ್ಡಪ್ಪನಂಥವರಿಗೆ, ಬಿಲ್ ಸೊನ್ನೆ ಇದ್ದು ಬೆಳಕು ಮಾತ್ರ ಬೇಕಾದವರಿಗೆ, ಸಹಾಯಧನದ ಆಸೆ ಬಿಟ್ಟು ಸಣ್ಣದಾಗಿ ಯೋಚಿಸುವುದೇ ಜಾಣತನ. ಮನೆಯಲ್ಲಿ ಹಳೆಯ ಇನ್ವರ್ಟರ್, ಬ್ಯಾಟರಿ ಇದ್ದರೆ ಎರಡು ಪ್ಯಾನೆಲ್, ಒಂದು ಒಳ್ಳೆಯ ಚಾರ್ಜ್ ಕಂಟ್ರೋಲರ್ ಸೇರಿಸಿದರೆ ಸಾಕು. ಲೈನ್ ಇರಲಿ ಬಿಡಲಿ, ಬಿಸಿಲಿನಿಂದ ಬ್ಯಾಟರಿ ತುಂಬುತ್ತದೆ. 150 ಎಎಚ್ ಬ್ಯಾಟರಿಯೊಂದರಲ್ಲಿ ಪೂರ್ತಿ ತುಂಬಿದಾಗ ಸುಮಾರು 1.8 ಯೂನಿಟ್ ಇರುತ್ತದೆ. ನೀರು ಹಾಕುವ ಮಾಮೂಲಿ ಬ್ಯಾಟರಿಯಾದರೆ ಅದರಲ್ಲಿ ಅರ್ಧದಷ್ಟು ಬಳಸುವುದು ಒಳ್ಳೆಯದು, ಇಲ್ಲದಿದ್ದರೆ ಬೇಗ ಸಾಯುತ್ತದೆ. ಆ ಅರ್ಧದಲ್ಲೇ ನಾಲ್ಕು ಎಲ್‌ಇಡಿ ಬಲ್ಬು, ಎರಡು ಫ್ಯಾನು ಐದಾರು ಗಂಟೆ ನಡೆಯುತ್ತವೆ. ದೊಡ್ಡಮ್ಮನಿಗೆ ಬೇಕಾಗಿದ್ದದ್ದು ಅಷ್ಟೇ. 3 ಕಿಲೋವ್ಯಾಟ್ ಅಲ್ಲ.

ಆದ್ದರಿಂದ ಬಾಗಿಲಿಗೆ ಬಂದವರಿಗೆ ಕಾಫಿ ಕೊಡಿ, ಸಹಿ ಮಾತ್ರ ಕೊಡಬೇಡಿ. ಮೊದಲು ಈ ಪ್ರಶ್ನೆಗಳನ್ನು ಕೇಳಿ.

ಒಂದು, ಕರೆಂಟ್ ಹೋದಾಗ ಇದು ಏನು ಮಾಡುತ್ತದೆ? ಬಾಯಲ್ಲಿ ಬೇಡ, ಕೊಟೇಶನ್ ಮೇಲೆ ಬರೆದು ಸಹಿ ಹಾಕಲಿ.

ಎರಡು, ನನ್ನ ಕಳೆದ ಹನ್ನೆರಡು ತಿಂಗಳ ಬಿಲ್ ನೋಡಿದ್ದೀರಾ? ಬಿಲ್ ನೋಡದೆ "ನಿಮಗೆ 3 ಕಿಲೋವ್ಯಾಟ್ ಬೇಕು" ಅಂದವನು ಸಹಾಯಧನದ ಅಳತೆಗೆ ಅಂಗಿ ಹೊಲಿಯುತ್ತಿದ್ದಾನೆ, ನಿಮ್ಮ ಮೈ ಅಳತೆಗಲ್ಲ.

ಮೂರು, ಇನ್ವರ್ಟರ್ ಯಾವ ಕಂಪನಿ, ಯಾವ ಮಾಡೆಲ್, ಅದರ ಸರ್ವಿಸ್ ಯಾವ ಊರಿನಲ್ಲಿದೆ? ರಿಪೇರಿಗೆ ಹೋದರೆ ಎಷ್ಟು ದಿನ? ಅಲ್ಲಿಯವರೆಗೆ ಬದಲಿ ಕೊಡುತ್ತೀರಾ? ಹೆಸರು ಕೇಳಿದ ತಕ್ಷಣ ಆ ಕಂಪನಿಯ ಸಹಾಯವಾಣಿಗೆ ನೀವೇ ಫೋನ್ ಮಾಡಿ ನೋಡಿ. ಕನ್ನಡದಲ್ಲಿ ಉತ್ತರ ಸಿಗುತ್ತದಾ ಅನ್ನುವುದೂ ಒಂದು ಪರೀಕ್ಷೆಯೇ.

ನಾಲ್ಕು, ನೀವು ಎರಡು ವರ್ಷದ ಹಿಂದೆ ಹಾಕಿದ ಮನೆ ತೋರಿಸಿ. ಕಳೆದ ತಿಂಗಳು ಹಾಕಿದ್ದಲ್ಲ. ಹೊಸ ಸೋಲಾರ್ ಎಲ್ಲಾ ಕಡೆ ಚೆನ್ನಾಗಿಯೇ ಇರುತ್ತದೆ. ಎರಡು ಮಳೆಗಾಲ ಕಂಡ ಮನೆಯ ಯಜಮಾನಿಯನ್ನು ಮಾತಾಡಿಸಿ, ನಿಜ ತಿಳಿಯುತ್ತದೆ.

ಐದು, ಅರ್ತಿಂಗ್ ಎಷ್ಟು? ಪ್ಯಾನೆಲ್ ಕಡೆಗೆ ಒಂದು, ಎಸಿ ಕಡೆಗೆ ಒಂದು, ಸಿಡಿಲು ತಡೆಗೆ ಒಂದು, ಹೀಗೆ ಮೂರು ಬೇರೆ ಬೇರೆ ಗುಂಡಿ ಇರಬೇಕು. ಕೆಲಸದ ಹುಡುಗರು ಮೊದಲು ಉಳಿಸುವುದೇ ಇಲ್ಲಿ, ಏಕೆಂದರೆ ಮಣ್ಣೊಳಗೆ ಯಾರೂ ನೋಡುವುದಿಲ್ಲ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಬೆಲೆ ತೆರುವವರು ಮನೆಯವರು. ಗುಂಡಿ ತೋಡುವಾಗ ಪಕ್ಕದಲ್ಲೇ ನಿಂತಿರಿ.

ಆರು, ನೆರಳು ನೋಡಿದ್ದೀರಾ? ಸಾಮಾನ್ಯ ಇನ್ವರ್ಟರ್‌ನಲ್ಲಿ ಪ್ಯಾನೆಲ್‌ಗಳು ಸರಪಳಿಯಂತೆ ಸೇರಿರುತ್ತವೆ. ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೆ ಸರಪಳಿಯ ಒಟ್ಟು ದುಡಿಮೆಗೇ ಪೆಟ್ಟು. ಮಲೆನಾಡಿನಲ್ಲಿ ಅಡಿಕೆ ಮರದ ನೆರಳು, ಪಾಚಿ. ಬಯಲುಸೀಮೆಯಲ್ಲಿ ಧೂಳು, ಗಡಸು ನೀರಿನಲ್ಲಿ ತೊಳೆದರೆ ಬಿಳಿ ಕಲೆ. ಕರಾವಳಿಯಲ್ಲಿ ಕಂಬಿಗೆ ತುಕ್ಕು. ಎಲ್ಲ ಕಡೆಗೂ ಒಂದೇ ಕೊಟೇಶನ್ ಕೊಡುವವನು ಯಾವ ಕಡೆಯನ್ನೂ ನೋಡಿದವನಲ್ಲ.

ಏಳು, ಮೊಬೈಲ್‌ನಲ್ಲಿ ಉತ್ಪಾದನೆ ತೋರಿಸುವ ಆ್ಯಪ್ ಯಾರ ನಂಬರಿನಲ್ಲಿದೆ? ನಿಮ್ಮ ನಂಬರಿನಲ್ಲಿ, ನಿಮ್ಮ ಪಾಸ್‌ವರ್ಡ್‌ನಲ್ಲಿ ಇರಬೇಕು. ನಾವು ನೋಡಿದ ಎರಡು ಮನೆಗಳಲ್ಲಿ ಅದು ಕೆಲಸ ಬಿಟ್ಟುಹೋದ ಹುಡುಗನ ಈಮೇಲ್‌ನಲ್ಲಿತ್ತು. ಮನೆಯವರಿಗೆ ತಮ್ಮದೇ ಮಾಳಿಗೆಯ ಲೆಕ್ಕ ನೋಡುವ ಹಕ್ಕಿರಲಿಲ್ಲ.

ಎಂಟು, ಹಣ. ನೆಟ್ ಮೀಟರ್ ಕೂತು, ವ್ಯವಸ್ಥೆ ಚಾಲೂ ಆಗುವವರೆಗೆ ಹತ್ತರಲ್ಲಿ ಒಂದು ಪಾಲನ್ನಾದರೂ ಕೈಯಲ್ಲಿ ಹಿಡಿದಿಟ್ಟುಕೊಳ್ಳಿ. ಪೂರ್ತಿ ಹಣ ಕೊಟ್ಟ ಮರುದಿನದಿಂದ ಫೋನ್ ರಿಂಗ್ ಆಗುತ್ತದೆ, ಎತ್ತುವವರಿರುವುದಿಲ್ಲ.

ಇಷ್ಟು ಕೇಳಿದರೆ ಹತ್ತರಲ್ಲಿ ಏಳು ಏಜೆಂಟ್‌ಗಳು ಕಾಫಿ ಲೋಟ ಅರ್ಧಕ್ಕೇ ಇಟ್ಟು ಎದ್ದು ಹೋಗಬಹುದು. ಹೋಗಲಿ. ಉಳಿದ ಮೂವರಲ್ಲಿ ನಿಮ್ಮ ಊರಿಗೆ ಹತ್ತಿರ ಇರುವವರನ್ನು ಆರಿಸಿ. ಬೆಲೆ ಐದೋ ಹತ್ತೋ ಸಾವಿರ ಹೆಚ್ಚಾದರೂ ಪರವಾಗಿಲ್ಲ. ಅದು ಪ್ಯಾನೆಲ್‌ನ ಬೆಲೆಯಲ್ಲ, ಕೆಟ್ಟ ದಿನ ಬಾಗಿಲಿಗೆ ಬರುವ ಮನುಷ್ಯನ ಬೆಲೆ.

ಆದರೆ ಎಲ್ಲ ಹೊಣೆಯನ್ನೂ ಕೊಳ್ಳುವವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ನಮಗೆ ಇಷ್ಟವಿಲ್ಲ. ಪ್ರಶ್ನೆ ಕೇಳದ ರೈತನನ್ನು ದಡ್ಡ ಅನ್ನುವುದು ಸುಲಭ. ಸರ್ಕಾರದ ಮುದ್ರೆ, ಪ್ರಧಾನಿಯ ಫೋಟೊ, ಬ್ಯಾಂಕಿನ ಸಾಲ, ಪೇಪರಿನ ಸುದ್ದಿ ನಾಲ್ಕೂ ಒಟ್ಟಿಗೆ ಬಂದು "ತಗೊಳ್ಳಿ" ಅಂದಾಗ ಅನುಮಾನಪಡುವುದು ಯಾರಿಗೆ ಸಾಧ್ಯ? ದೊಡ್ಡಪ್ಪ ನಂಬಿದ್ದು ಏಜೆಂಟನ್ನಲ್ಲ, ಅವನ ಹಿಂದೆ ನಿಂತಿದ್ದ ಈ ನಾಲ್ವರನ್ನು. ಅದಕ್ಕೇ ನಮ್ಮ ಬೇಡಿಕೆಯೂ ಆ ನಾಲ್ವರಿಗೇ. ಸರ್ಕಾರ ಯೋಜನೆಯ ಕನ್ನಡ ಕರಪತ್ರದಲ್ಲಿ 'ವಿದ್ಯುತ್ ಹೋದಾಗ ಕೆಲಸ ಮಾಡುವುದಿಲ್ಲ' ಅಂತ ಮೊದಲ ಸಾಲಿನಲ್ಲೇ ಹಾಕಲಿ. ವಿದ್ಯುತ್ ಕಂಪನಿ ಫೀಡರಿನ ಹಗಲು ಗಂಟೆಗಳನ್ನು ಅರ್ಜಿದಾರರಿಗೆ ಲಿಖಿತವಾಗಿ ಕೊಡಲಿ, ತೋಟದ ಮನೆಗಳನ್ನು ಊರಿನ ಲೈನಿಗೆ ಸೇರಿಸುವ ಹಳೆಯ ಬೇಡಿಕೆಯನ್ನು ಮತ್ತೆ ಕೈಗೆತ್ತಿಕೊಳ್ಳಲಿ. ಬ್ಯಾಂಕ್ ಸಾಲ ಕೊಡುವ ಮೊದಲು ಬಿಲ್ ನೋಡಲಿ. ಟ್ರ್ಯಾಕ್ಟರ್ ಸಾಲಕ್ಕೆ ಪಹಣಿ ಕೇಳುವವರಿಗೆ ಸೋಲಾರ್ ಸಾಲಕ್ಕೆ ಕರೆಂಟ್ ಬಿಲ್ ಓದುವುದು ಕಷ್ಟವೇ?

ಇನ್ನು ನಾಲ್ಕನೆಯವರು, ಪತ್ರಿಕೆಯವರು, ಅಂದರೆ ನಾವು. ಇನ್ನು ಮುಂದೆ ನಮ್ಮಲ್ಲಿ ಯಾರೇ ಸೋಲಾರ್ ಬಗ್ಗೆ ಬರೆದರೂ ಎಷ್ಟು ಸಹಾಯಧನ ಎಂಬ ಸಾಲಿಗಿಂತ ಮೊದಲು ಕರೆಂಟ್ ಹೋದಾಗ ಏನಾಗುತ್ತದೆ ಎಂಬ ಸಾಲು ಇರುತ್ತದೆ. ಜಾಹೀರಾತು ಕೈತಪ್ಪಿದರೆ ತಪ್ಪಲಿ.

ಆ ಭಾನುವಾರ ಹೊರಡುವಾಗ ದೊಡ್ಡಪ್ಪ ಎಳನೀರು ಕೆತ್ತಿ ಕೊಟ್ಟರು. ಮಾಳಿಗೆ ಕಡೆ ಕೈ ತೋರಿಸಿ, "ಒಂದ್ ಉಪಯೋಗ ಐತೆ ಕಣ್ರಪ್ಪಾ, ಅದರ ನೆರಳಿಗೆ ಒಳಗೆ ಸ್ವಲ್ಪ ತಂಪಾಗೈತೆ" ಅಂದರು. ನಗಬೇಕಾಗಿತ್ತು. ನಮ್ಮಲ್ಲಿ ಯಾರಿಗೂ ನಗು ಬರಲಿಲ್ಲ.